ಗಾಯ ಮಾಯ್ದ ಮೇಲೂ ಉಳಿಯುವ ಕೆಲಸ



ಸುಟ್ಟಗಾಯ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬೆಂಕಿ, ಆಂಬುಲೆನ್ಸ್, ಶಸ್ತ್ರಚಿಕಿತ್ಸೆಯ ಕೊಠಡಿ, ಬಿಳಿಯ ಬ್ಯಾಂಡೇಜು. ಪತ್ರಿಕೆಯ ಸುದ್ದಿಯೂ ಅಲ್ಲಿಗೇ ಮುಗಿಯುತ್ತದೆ. 'ಗಾಯಾಳು ಪ್ರಾಣಾಪಾಯದಿಂದ ಪಾರಾಗಿದ್ದಾರೆ' ಎಂಬ ವಾಕ್ಯವನ್ನು ಓದಿ ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ಸುಟ್ಟಗಾಯದ ವಾರ್ಡಿನಲ್ಲಿ ದುಡಿಯುವ ದಾದಿಯರಿಗೆ ಗೊತ್ತು, ದೀರ್ಘವಾದ ಕೆಲಸವೊಂದು ಆ ವಾಕ್ಯದ ನಂತರವೇ ಆರಂಭವಾಗುತ್ತದೆ. ಆ ಕೆಲಸದ ಬಹುಭಾಗವನ್ನು ಮಾಡಬೇಕಾದವರು ವೈದ್ಯರಲ್ಲ, ದಾದಿಯರೂ ಅಲ್ಲ, ರೋಗಿಯೇ. ರೋಗಿ ಅದನ್ನು ಮಾಡುವಂತೆ ಆಗುವುದು ಹೇಗೆ? ಇಂದಿನ ಮಾತಿನ ವಿಷಯ ಇದೇ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ಪ್ರತಿವರ್ಷ ಸುಮಾರು 1,80,000 ಜನ ಸುಟ್ಟಗಾಯಗಳಿಂದ ಸಾಯುತ್ತಾರೆ. ಭಾರತವೊಂದರಲ್ಲೇ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಸಾಧಾರಣ ಅಥವಾ ತೀವ್ರ ಸ್ವರೂಪದ ಸುಟ್ಟಗಾಯಕ್ಕೆ ಒಳಗಾಗುತ್ತಾರೆ. ಇವರಲ್ಲಿ ಬದುಕಿ ಉಳಿಯುವವರೇ ಹೆಚ್ಚು. ಅಂದರೆ ನಮ್ಮ ಊರುಗಳಲ್ಲಿ, ಬೀದಿಗಳಲ್ಲಿ, ಬಹುಶಃ ನಿಮ್ಮ ಶಾಲೆಯಲ್ಲೇ ಇಂಥವರು ಇದ್ದಾರೆ. ಆದ್ದರಿಂದ ಈ ವಿಷಯ ದಾದಿಯರಿಗೆ ಮಾತ್ರ ಸೇರಿದ್ದಲ್ಲ.

ವಿಷಯ ಸ್ಪಷ್ಟವಾಗಲು ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವವಳು. ಒಂದು ಸಂಜೆ ಒಲೆಯ ಮುಂದೆ ಕುಳಿತು ಅನ್ನಕ್ಕೆ ಉರಿ ಹಾಕುತ್ತಿದ್ದಾಗ ಅವಳ ನೈಲಾನ್ ವೇಲ್‌ನ ತುದಿಗೆ ಬೆಂಕಿ ತಗುಲುತ್ತದೆ. ಗಾಬರಿಯಲ್ಲಿ ಬಲಗೈಯಿಂದ ಉರಿಯನ್ನು ಬಡಿದು ಆರಿಸಲು ನೋಡುತ್ತಾಳೆ. ಕತ್ತಿನ ಮುಂಭಾಗ ಮತ್ತು ಬಲಗೈ ಆಳವಾಗಿ ಸುಟ್ಟಿವೆ. ಆಸ್ಪತ್ರೆಯಲ್ಲಿ ತೊಡೆಯ ಚರ್ಮವನ್ನು ತೆಗೆದು ಕಸಿ ಮಾಡಿದ್ದಾರೆ. ಕಸಿ ಚೆನ್ನಾಗಿ ಹಿಡಿದಿದೆ. ವೈದ್ಯರಿಗೆ ಸಂತೋಷವಾಗಿದೆ, ತಾಯಿ ದೇವರಿಗೆ ಹರಕೆ ತೀರಿಸಲು ದಿನ ನೋಡುತ್ತಿದ್ದಾರೆ. ಇವಳು ಗುಣವಾದಳು ಎಂದು ಹೇಳಬಹುದೇ?

ಇನ್ನೂ ಹೇಳಲಾಗದು. ಆಳವಾಗಿ ಸುಟ್ಟ ಜಾಗದಲ್ಲಿ ಹೊಸದಾಗಿ ಹುಟ್ಟುವ ಅಂಗಾಂಶಕ್ಕೆ ಒಂದು ಸ್ವಭಾವವಿದೆ. ಅದು ತಿಂಗಳುಗಟ್ಟಲೆ ಒಳಗೊಳಗೇ ಕುಗ್ಗುತ್ತಾ ಹೋಗುತ್ತದೆ. ಕತ್ತಿನ ಮುಂಭಾಗದಲ್ಲಿ ಕುಗ್ಗಿದರೆ ಗದ್ದ ಎದೆಯ ಕಡೆಗೆ ಎಳೆಯಲ್ಪಡುತ್ತದೆ. ಕೈಯಲ್ಲಿ ಕುಗ್ಗಿದರೆ ಬೆರಳುಗಳು ಸೆಟೆದೋ ಮಡಿಚಿಯೋ ನಿಂತುಬಿಡುತ್ತವೆ. ಇದನ್ನು ತಡೆಯಬೇಕಾದರೆ ಕೀಲುಗಳನ್ನು ದಿನವೂ ಹಲವು ಬಾರಿ ಪೂರ್ತಿಯಾಗಿ ಆಡಿಸಬೇಕು. ಮಲಗಿದಾಗ ಕತ್ತು ಹಿಂದಕ್ಕೆ ಚಾಚಿರಬೇಕು, ಆದ್ದರಿಂದ ತಲೆದಿಂಬು ಇರಕೂಡದು. ರಾತ್ರಿ ಕೈಯನ್ನು ಸ್ಪ್ಲಿಂಟ್ ಎಂಬ ಅಚ್ಚುಪಟ್ಟಿಯಲ್ಲಿ ಕಟ್ಟಿ ಇಡಬೇಕು. ಗಾಯ ಪೂರ್ತಿ ಮುಚ್ಚಿದ ಮೇಲೆ, ಕಲೆ ಉಬ್ಬದಂತೆ ಒತ್ತಿ ಹಿಡಿಯುವ ಬಿಗಿ ಉಡುಪನ್ನು ದಿನದ 24 ಗಂಟೆಗಳಲ್ಲಿ 23 ಗಂಟೆ ಧರಿಸಬೇಕು. ಒಣಗಿ ತುರಿಸುವ ಚರ್ಮಕ್ಕೆ ದಿನಕ್ಕೆ ಹಲವು ಸಲ ಎಣ್ಣೆ ಅಥವಾ ಮುಲಾಮು ಸವರಬೇಕು, ಉಗುರಿನಿಂದ ಕೆರೆಯಬಾರದು. ಬಿಸಿಲಿನಿಂದ ರಕ್ಷಿಸಿಕೊಳ್ಳಬೇಕು. ಕಲೆ ಮಾಗಿ ಮೆತ್ತಗಾಗಲು ಒಂದರಿಂದ ಎರಡು ವರ್ಷ ಹಿಡಿಯಬಹುದು.

ಸುಟ್ಟಗಾಯದ ಚಿಕಿತ್ಸೆಯಲ್ಲಿ ತೊಡಗಿದವರು ಒಬ್ಬರಿಗೊಬ್ಬರು ಹೇಳಿಕೊಡುವ ಒಂದು ಮಾತಿದೆ: ರೋಗಿಗೆ ಹಿತವಾಗಿರುವ ಭಂಗಿಯೇ ಅಂಗ ಮುದುಡುವ ಭಂಗಿ. ಕತ್ತು ಬಗ್ಗಿಸಿ, ಕೈ ಮಡಚಿ ಎದೆಗಾನಿಸಿಕೊಂಡು ಮುದುಡಿ ಮಲಗಿದರೆ ನೋವು ಕಡಿಮೆ. ಆದರೆ ಹಾಗೇ ಮಲಗಿದವರ ಅಂಗ ಹಾಗೇ ಉಳಿದುಬಿಡುತ್ತದೆ. ಹಿತವಾದದ್ದು ಕೇಡು ಮಾಡುತ್ತದೆ, ನೋಯಿಸುವುದು ಒಳ್ಳೆಯದು ಮಾಡುತ್ತದೆ. ಹದಿನಾಲ್ಕು ವರ್ಷದ ಹುಡುಗಿಗೆ ಇದನ್ನು ಒಪ್ಪಿಸುವುದು ಹೇಗೆ?

ಮೊದಲು ತೋಚುವುದು ಉಪದೇಶ. 'ವ್ಯಾಯಾಮ ಮಾಡು, ಇಲ್ಲದಿದ್ದರೆ ಕೈ ಸೊಟ್ಟಗಾಗುತ್ತದೆ' ಎಂದು ದಿನಕ್ಕೆ ಹತ್ತು ಬಾರಿ ಹೇಳುವುದು. ಆಮೇಲೆ ಗದರಿಕೆ. ಅದೂ ನಡೆಯದಿದ್ದರೆ 'ಈ ರೋಗಿ ಸಹಕರಿಸುವುದಿಲ್ಲ' ಎಂದು ಕೇಸ್ ಶೀಟಿನಲ್ಲಿ ಬರೆದು ಕೈ ಚೆಲ್ಲುವುದು. ಉಪದೇಶ ಏಕೆ ಸೋಲುತ್ತದೆ ಎಂಬುದನ್ನು ತಿಳಿಯಲು ನೀವು ಆಸ್ಪತ್ರೆಗೆ ಹೋಗಬೇಕಾಗಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಓದುವುದು ಒಳ್ಳೆಯದು ಎಂದು ನಿಮಗೆಲ್ಲ ಗೊತ್ತು. ಜೂನ್ ತಿಂಗಳಲ್ಲಿ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿಯೂ ಇರುತ್ತೀರಿ. ಎಷ್ಟು ದಿನ ಎದ್ದಿರಿ? ತಿಳಿವಳಿಕೆಗೂ ನಡವಳಿಕೆಗೂ ನಡುವೆ ಅಂತರವಿದೆ. ನೋವಿಲ್ಲದ ನಮಗೇ ಇಷ್ಟು ಕಷ್ಟವಾದರೆ, ಬೆರಳು ಮಡಚಿದಾಗಲೆಲ್ಲ ಕಣ್ಣಲ್ಲಿ ನೀರು ಬರುವವಳಿಗೆ ಹೇಗಿರಬೇಡ!

ಆ ಅಂತರದಲ್ಲಿ ಏನೇನಿದೆ ಎಂದು ಹುಡುಕುವುದೇ ಶುಶ್ರೂಷೆಯ ಮೊದಲ ಹೆಜ್ಜೆ. ಒಬ್ಬರಿಗೆ ನೋವು ಅಡ್ಡಿ. ಇನ್ನೊಬ್ಬರಿಗೆ, ಬೆರಳು ಬಗ್ಗಿಸಿದರೆ ಹೊಸ ಚರ್ಮ ಹರಿದುಹೋದೀತು ಎಂಬ ಭಯ. ಮತ್ತೊಬ್ಬರಿಗೆ 'ಇನ್ನು ನನ್ನ ಬದುಕು ಮುಗಿಯಿತು' ಎಂಬ ನಿರಾಶೆ. ಹೊರಗೆ ಕಾಣುವುದು ಒಂದೇ: ವ್ಯಾಯಾಮ ಮಾಡುತ್ತಿಲ್ಲ. ಕಾರಣಗಳು ಮೂರು, ಮದ್ದೂ ಮೂರು. ಭಯಪಟ್ಟವಳಿಗೆ ಬೇಕಾದದ್ದು ತಿಳಿವಳಿಕೆ. ನೋವಿನಲ್ಲಿರುವವಳಿಗೆ ತಿಳಿವಳಿಕೆ ಕೊಟ್ಟು ಪ್ರಯೋಜನವಿಲ್ಲ, ಮೊದಲು ನೋವು ಶಮನವಾಗಬೇಕು.

ಅಮೆರಿಕದ ಮನೋವಿಜ್ಞಾನಿಗಳಾದ ಜೇಮ್ಸ್ ಪ್ರೊಚಾಸ್ಕ ಮತ್ತು ಕಾರ್ಲೊ ಡಿಕ್ಲಿಮೆಂಟಿ ಅವರು 1983ರಲ್ಲಿ, ಸಿಗರೇಟು ಬಿಡುವ ಜನರ ಅಧ್ಯಯನದಿಂದ ಒಂದು ವಿಚಾರವನ್ನು ಮುಂದಿಟ್ಟರು. ಮನುಷ್ಯ ಒಂದೇ ನೆಗೆತಕ್ಕೆ ಬದಲಾಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತಾನೆ. ಮೊದಲು ಬದಲಾವಣೆಯ ಯೋಚನೆಯೇ ಇರುವುದಿಲ್ಲ. ನಂತರ ಯೋಚನೆ ಬರುತ್ತದೆ, ಆದರೆ ಮನಸ್ಸು ತೂಗಾಡುತ್ತದೆ. ಆಮೇಲೆ ಸಿದ್ಧತೆ, ಅನಂತರ ಕೆಲಸ, ಕೊನೆಗೆ ಆ ಕೆಲಸವನ್ನು ಬಿಡದೆ ಉಳಿಸಿಕೊಳ್ಳುವುದು. ನಡುವೆ ಜಾರಿ ಕೆಳಗಿನ ಮೆಟ್ಟಿಲಿಗೆ ಬರುವುದೂ ಉಂಟು. ರೋಗಿ ಯಾವ ಮೆಟ್ಟಿಲಲ್ಲಿದ್ದಾಳೋ ಅಲ್ಲಿಗೆ ದಾದಿ ಇಳಿದು ಹೋಗಿ ಮಾತನಾಡಿಸಬೇಕು. ಯೋಚನೆಯೇ ಇಲ್ಲದವಳ ಕೈಗೆ ವ್ಯಾಯಾಮದ ಪಟ್ಟಿ ಕೊಟ್ಟರೆ ಅದು ದಿಂಬಿನ ಕೆಳಗೆ ಸೇರುತ್ತದೆ, ಅಷ್ಟೆ.

ನಮ್ಮ ಹುಡುಗಿಯ ಹಾಸಿಗೆಯ ಬಳಿಗೆ ಬರೋಣ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ದಾದಿ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ. ನಿಂತು ಮಾತನಾಡುವುದಕ್ಕೂ ಕುಳಿತು ಮಾತನಾಡುವುದಕ್ಕೂ ವ್ಯತ್ಯಾಸವಿದೆ.

"ಪುಟ್ಟಿ, ಈ ಕೈಯಿಂದ ನೀನು ಮೊದಲು ಯಾವ ಕೆಲಸ ಮಾಡಬೇಕು ಅಂತ ಆಸೆ?"

ಬಹಳ ಹೊತ್ತು ಉತ್ತರವಿಲ್ಲ. ಆಮೇಲೆ, "ಜಡೆ ಹಾಕಿಕೊಳ್ಳಬೇಕು, ಸಿಸ್ಟರ್. ಅಮ್ಮ ಹಾಕಿದರೆ ಸಡಿಲ ಆಗುತ್ತೆ."

"ಜಡೆ ಹಾಕೋಕೆ ಏನೇನು ಬೇಕು ಹೇಳು?"

"ಕೈ ಮೇಲೆ ಹೋಗಬೇಕು. ಬೆರಳು ಮಡಚಬೇಕು."

"ಹಾಗಾದರೆ ಇವತ್ತು ಯಾವುದರಿಂದ ಶುರು ಮಾಡೋಣ?"

ಇಲ್ಲಿ ಉಪದೇಶದ ಮಾತು ಒಂದೂ ಇಲ್ಲ. ಗುರಿ ಅವಳದೇ, ಮಾತೂ ಅವಳದೇ. ದಾದಿ ಮಾಡಿದ್ದು ಪ್ರಶ್ನೆ ಕೇಳಿದ್ದು ಮತ್ತು ಉತ್ತರಕ್ಕಾಗಿ ಕಾದದ್ದು ಮಾತ್ರ. ಇಂಥ ಸಂಭಾಷಣೆಯ ಕ್ರಮವನ್ನು ವಿಲಿಯಂ ಮಿಲ್ಲರ್ ಎಂಬ ಮನೋವಿಜ್ಞಾನಿ 1983ರಲ್ಲಿ, ಕುಡಿತ ಬಿಡಿಸುವ ಚಿಕಿತ್ಸೆಗಾಗಿ ರೂಪಿಸಿದರು. ಇತರರು ಹೇಳಿದ ಕಾರಣಕ್ಕಿಂತ ತನ್ನ ಬಾಯಿಂದಲೇ ಬಂದ ಕಾರಣಕ್ಕೆ ಮನುಷ್ಯ ಹೆಚ್ಚು ಬದ್ಧನಾಗಿರುತ್ತಾನೆ ಎಂಬುದು ಅದರ ತಿರುಳು. ಇಂದು ಈ ಕ್ರಮವನ್ನು ದಾದಿಯರು ಅನೇಕ ಬಗೆಯ ರೋಗಿಗಳೊಡನೆ ಬಳಸುತ್ತಾರೆ.

ಇನ್ನು ಡ್ರೆಸ್ಸಿಂಗ್ ಕೊಠಡಿ. ಸುಟ್ಟಗಾಯದ ರೋಗಿಗಳು ಅತಿಯಾಗಿ ಹೆದರುವ ಜಾಗ ಇದು. ಟ್ರಾಲಿಯ ಚಕ್ರದ ಸದ್ದು ಕೇಳಿದರೇ ಕೆಲವರು ನಡುಗತೊಡಗುತ್ತಾರೆ. ಇಲ್ಲಿ ಮೊದಲ ಸ್ಥಾನ ನೋವಿನ ಔಷಧಿಯದು. ಅದನ್ನು ಸಾಕಷ್ಟು ಪ್ರಮಾಣದಲ್ಲಿ, ಡ್ರೆಸ್ಸಿಂಗಿಗೆ ಸಾಕಷ್ಟು ಮೊದಲೇ ಕೊಡಬೇಕು. ಮಾತಿನ ಚಿಕಿತ್ಸೆ ಔಷಧಿಗೆ ಜೊತೆ, ಬದಲಿ ಅಲ್ಲ. ಔಷಧಿ ಕೊಟ್ಟ ಮೇಲೂ ಉಳಿಯುವ ಭಯವನ್ನು ಕಡಿಮೆ ಮಾಡಲು ದಾದಿಯರಿಗೆ ಸರಳವಾದ ಕೆಲವು ದಾರಿಗಳಿವೆ. ಏನು ಮಾಡುತ್ತೇವೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೊದಲೇ ಹೇಳುವುದು. ಸಾಧ್ಯವಾದರೆ ಸಮಯವನ್ನು ರೋಗಿಯೇ ಆರಿಸಲು ಬಿಡುವುದು. ಹೊರಗಿನ ಪಟ್ಟಿಯನ್ನು ಅವಳ ಎಡಗೈಯಿಂದಲೇ ಬಿಚ್ಚಿಸುವುದು. 'ಸಾಕು' ಎಂದು ಕೈ ಎತ್ತಿದರೆ ಅರ್ಧ ನಿಮಿಷ ನಿಲ್ಲಿಸುತ್ತೇವೆ ಎಂದು ಮಾತು ಕೊಡುವುದು ಮತ್ತು ಆ ಮಾತಿನಂತೆ ನಡೆಯುವುದು. 'ನೋವೇ ಆಗುವುದಿಲ್ಲ' ಎಂದು ಸುಳ್ಳು ಹೇಳಬಾರದು. ಒಮ್ಮೆ ಸುಳ್ಳು ಹೇಳಿದ ದಾದಿಯನ್ನು ಮಗು ಮತ್ತೆ ನಂಬುವುದಿಲ್ಲ.

ಗಮನವನ್ನು ಬೇರೆ ಕಡೆಗೆ ಸೆಳೆಯುವುದೂ ಒಂದು ಉಪಾಯ. ಕಥೆ, ಹಾಡು, ಒಗಟು, ನಿಧಾನವಾದ ಉಸಿರಾಟ ಇವೆಲ್ಲ ಹಳೆಯ ದಾರಿಗಳು. ಅಮೆರಿಕದ ಸಿಯಾಟಲ್ ನಗರದಲ್ಲಿ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಎಂಬ ಮನೋವಿಜ್ಞಾನಿಗಳು ಇದನ್ನು ಕಂಪ್ಯೂಟರಿನ ಸಹಾಯದಿಂದ ಮುಂದುವರಿಸಿದರು. ಕಣ್ಣಿಗೆ ಕಟ್ಟಿದ ಪರದೆಯಲ್ಲಿ ರೋಗಿಗೆ ಹಿಮದ ಕಣಿವೆ ಕಾಣುತ್ತದೆ. ಅವನು ಹಿಮದ ಉಂಡೆಗಳನ್ನು ಎಸೆಯುತ್ತಾ ಸಾಗುತ್ತಾನೆ, ಇತ್ತ ಚಿಕಿತ್ಸೆ ನಡೆಯುತ್ತದೆ. ಮನಸ್ಸಿನ ಗಮನ ಒಂದು ಮಿತಿಯುಳ್ಳ ವಸ್ತು. ಅದು ಹಿಮದ ಕಡೆ ಹೋದಷ್ಟೂ ನೋವಿನ ಪಾಲಿಗೆ ಉಳಿಯುವುದು ಕಡಿಮೆ. ಆ ಯಂತ್ರ ಎಲ್ಲ ಆಸ್ಪತ್ರೆಗಳಲ್ಲಿ ಇರಲಾರದು. ಆದರೆ ಅದರ ಹಿಂದಿನ ತತ್ತ್ವ ಕಥೆ ಹೇಳುವ ದಾದಿಗೂ ಅನ್ವಯಿಸುತ್ತದೆ.

ಈಗ ವ್ಯಾಯಾಮದ ಮಾತು. ಸಾಮಾನ್ಯವಾಗಿ ನಾವು 'ನೋವಾಗುವವರೆಗೆ ಮಾಡು, ಆಮೇಲೆ ನಿಲ್ಲಿಸು' ಎನ್ನುತ್ತೇವೆ. ಇದರಲ್ಲಿ ಒಂದು ತೊಡಕಿದೆ. ನೋವು ಬಂದಾಗ ವಿಶ್ರಾಂತಿ, ಸಮಾಧಾನದ ಮಾತು, ತಲೆ ಸವರುವ ಕೈ ಎಲ್ಲವೂ ಸಿಗುತ್ತವೆ. ಹೀಗಾಗಿ ಮನಸ್ಸು ತನಗರಿವಿಲ್ಲದೆಯೇ, ನೋವು ಎಂದರೆ ಬಿಡುಗಡೆ ಎಂದು ಕಲಿತುಕೊಳ್ಳುತ್ತದೆ. ವಿಲ್ಬರ್ಟ್ ಫೋರ್ಡೈಸ್ ಎಂಬ ಮನೋವಿಜ್ಞಾನಿ 1976ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದೀರ್ಘಕಾಲದ ನೋವಿನ ರೋಗಿಗಳಿಗಾಗಿ ಬೇರೊಂದು ದಾರಿ ತೋರಿಸಿದರು. ಮುಂದೆ ಅದನ್ನು ಸುಟ್ಟಗಾಯದ ರೋಗಿಗಳಿಗೂ ಅಳವಡಿಸಿಕೊಳ್ಳಲಾಯಿತು. ಮೊದಲ ಕೆಲವು ಸಲ ರೋಗಿ ತನ್ನಿಂದಾದಷ್ಟು ಮಾಡಲಿ. ಅದನ್ನು ಎಣಿಸಿ ಸರಾಸರಿ ತೆಗೆಯಿರಿ. ಅದಕ್ಕಿಂತ ಸ್ವಲ್ಪ ಕಡಿಮೆ ಸಂಖ್ಯೆಯಿಂದ ಆರಂಭಿಸಿ, ನಿಶ್ಚಿತವಾದ ಪ್ರಮಾಣದಲ್ಲಿ ಏರಿಸುತ್ತಾ ಹೋಗಿ. ಸಂಖ್ಯೆ ಮುಗಿದರೆ ವಿಶ್ರಾಂತಿ. ಇಲ್ಲಿ ವಿಶ್ರಾಂತಿ ದೊರೆಯುವುದು ನೋವಿಗಲ್ಲ, ಮುಗಿಸಿದ ಕೆಲಸಕ್ಕೆ.

ನಮ್ಮ ಹುಡುಗಿ ಬೆರಳುಗಳನ್ನು ಮೂರು ಸಲ ಕ್ರಮವಾಗಿ 9, 11 ಮತ್ತು 10 ಬಾರಿ ಮಡಚಿದಳು ಎಂದಿಟ್ಟುಕೊಳ್ಳಿ. ಸರಾಸರಿ 10. ಮೊದಲ ದಿನದ ಗುರಿ 8. ಅದು ಅವಳಿಗೆ ಖಂಡಿತ ಆಗುವ ಕೆಲಸ. ಮರುದಿನ 9, ಅದರ ಮರುದಿನ 10. ಹಾಸಿಗೆಯ ಪಕ್ಕದ ಗೋಡೆಯಲ್ಲಿ ಒಂದು ಹಾಳೆ. ಮುಗಿಸಿದಾಗಲೆಲ್ಲ ಅವಳೇ ಒಂದು ಗೆರೆ ಎಳೆಯುತ್ತಾಳೆ. ಹತ್ತು ದಿನಗಳಲ್ಲಿ ಆ ಹಾಳೆ ಅವಳೊಡನೆ ಮಾತನಾಡತೊಡಗುತ್ತದೆ. ಯಾವ ಚಲನೆ, ಎಷ್ಟು ಎಂಬುದನ್ನು ವೈದ್ಯರೂ ಫಿಸಿಯೋಥೆರಪಿಸ್ಟರೂ ಸೇರಿ ನಿರ್ಧರಿಸುತ್ತಾರೆ. ಹೊಸ ಕಸಿಯ ಮೊದಲ ದಿನಗಳಲ್ಲಿ ಅಲುಗಾಟವೇ ಕೂಡದು. ದಿನವಿಡೀ ಹತ್ತಿರವಿದ್ದು ಅದನ್ನು ಅಭ್ಯಾಸವಾಗಿ ಮಾಡಿಸುವವರು ದಾದಿಯರು.

'ಇದು ನನ್ನಿಂದ ಆಗುತ್ತದೆ' ಎಂಬ ನಂಬಿಕೆ ಎಲ್ಲಿಂದ ಬರುತ್ತದೆ ಎಂದು ಆಲ್ಬರ್ಟ್ ಬಂಡೂರ ಎಂಬ ಮನೋವಿಜ್ಞಾನಿ 1977ರಲ್ಲಿ ವಿವರಿಸಿದರು. ಅತ್ಯಂತ ಬಲವಾದ ಮೂಲ ಸ್ವಂತ ಯಶಸ್ಸು, ಅದು ಎಷ್ಟೇ ಚಿಕ್ಕದಿರಲಿ. ಎರಡನೆಯದು, ತನ್ನಂತೆಯೇ ಇರುವ ಇನ್ನೊಬ್ಬರು ಮಾಡಿದ್ದನ್ನು ಕಣ್ಣಾರೆ ಕಾಣುವುದು. ಇತರರ ಪ್ರೋತ್ಸಾಹದ ಮಾತು ಅದರ ನಂತರ ಬರುತ್ತದೆ. ಆದ್ದರಿಂದಲೇ ಜಾಣ ದಾದಿ, ವರ್ಷದ ಹಿಂದೆ ಅದೇ ವಾರ್ಡಿನಲ್ಲಿದ್ದು ಈಗ ತಪಾಸಣೆಗೆ ಬಂದ ಹುಡುಗಿಯನ್ನು ಅವಳ ಒಪ್ಪಿಗೆ ಪಡೆದು ಕರೆತಂದು ಈ ಹಾಸಿಗೆಯ ಪಕ್ಕದಲ್ಲಿ ಕೂರಿಸುತ್ತಾರೆ. ಅವಳು ತನ್ನ ಕೈ ತೋರಿಸಿ, "ನನಗೂ ಹೀಗೇ ಇತ್ತು ಕಣೇ" ಎಂದರೆ ಸಾಕು. ಆ ಮಾತಿನ ತೂಕ ನಮ್ಮ ಯಾವ ಉಪನ್ಯಾಸಕ್ಕೂ ಇಲ್ಲ.

ಇಲ್ಲಿ ತಾಯಿಯ ವಿಷಯ ಹೇಳಲೇಬೇಕು. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಇದ್ದೇ ಇರುತ್ತಾರೆ. ಅದು ದೊಡ್ಡ ಶಕ್ತಿ. ಆದರೆ ರಾತ್ರಿ ದಾದಿ ಸುತ್ತು ಬಂದಾಗ ನೋಡಿದರೆ, ಹುಡುಗಿಯ ತಲೆಯ ಕೆಳಗೆ ಮಡಚಿದ ಸೀರೆಯೊಂದು ದಿಂಬಾಗಿ ಸೇರಿಕೊಂಡಿರುತ್ತದೆ! ತಾಯಿಯ ಕರುಳು, ಮಗಳ ನರಳಾಟ ತಡೆಯಲಾರದೆ ಹಾಗೆ ಮಾಡಿದೆ. ಊಟದ ಹೊತ್ತಿಗೆ ತಾವೇ ತುತ್ತು ಮಾಡಿ ಬಾಯಿಗಿಡುತ್ತಾರೆ. ಬೆರಳುಗಳಿಗೆ ಸಿಗಬೇಕಾಗಿದ್ದ ಕೆಲಸ ತಪ್ಪಿಹೋಗುತ್ತದೆ. ಗದರಿದರೆ ತಾಯಿ ಅಳುತ್ತಾರೆ, ದಿಂಬು ಮಾತ್ರ ಮರುದಿನವೂ ಇರುತ್ತದೆ. ಅದರ ಬದಲು, "ಅಮ್ಮಾ, ಇನ್ನು ಮೇಲೆ ಈ ಕೆಲಸ ನಿಮ್ಮದು" ಎಂದು ತಾಯಿಯನ್ನೇ ಚಿಕಿತ್ಸೆಯಲ್ಲಿ ಪಾಲುಗೊಳಿಸಬೇಕು. ಭುಜದ ಕೆಳಗೆ ಸುರುಳಿ ಬಟ್ಟೆ ಇಟ್ಟು ಕತ್ತು ಚಾಚುವಂತೆ ಮಲಗಿಸುವುದನ್ನು ಕಲಿಸಬೇಕು. ಕಲಿಸಿದ್ದನ್ನು ಅವರ ಬಾಯಿಂದಲೇ ತಿರುಗಿ ಹೇಳಿಸಬೇಕು, ಕೈಯಿಂದ ಮಾಡಿಸಬೇಕು. 'ಗೊತ್ತಾಯಿತೇ?' ಎಂದು ಕೇಳಿದರೆ ಎಲ್ಲರೂ ಗೊತ್ತಾಯಿತು ಎಂದೇ ಹೇಳುತ್ತಾರೆ.

ಊಟವೂ ಹೀಗೆಯೇ. ತೀವ್ರವಾಗಿ ಸುಟ್ಟವರ ದೇಹ ಸಾಮಾನ್ಯಕ್ಕಿಂತ ಬಹಳ ಹೆಚ್ಚು, ಕೆಲವೊಮ್ಮೆ ಎರಡು ಪಟ್ಟು ವೇಗದಲ್ಲಿ ಶಕ್ತಿಯನ್ನು ವ್ಯಯಿಸುತ್ತದೆ. ಆದರೆ ಬಾಣಂತಿಯ ಪಥ್ಯದಂತೆ ಬರೀ ಗಂಜಿ, ತಿಳಿಸಾರು ಕೊಡುವವರು, ಮೊಟ್ಟೆ ತಿಂದರೆ ಗಾಯ ಕೀವಾಗುತ್ತದೆ ಎನ್ನುವವರು ಇನ್ನೂ ಇದ್ದಾರೆ. ನಂಬಿಕೆಯನ್ನು ಹೀಯಾಳಿಸದೆ, ಮನೆಯಲ್ಲಿ ದೊರೆಯುವ ಬೇಳೆ, ಕಾಳು, ಹಾಲು, ಮೊಟ್ಟೆ, ರಾಗಿಯಲ್ಲೇ ದಾರಿ ಹುಡುಕುವುದು ದಾದಿಯ ಜಾಣ್ಮೆ.

ಈ ಎಲ್ಲ ಕ್ರಮಗಳ ಹಿಂದಿರುವ ತತ್ತ್ವವನ್ನು ಡೊರೊಥಿಯ ಓರೆಮ್ ಎಂಬ ಅಮೆರಿಕದ ಶುಶ್ರೂಷಾ ತಜ್ಞೆ 1971ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ತನ್ನ ಆರೈಕೆಯನ್ನು ತಾನೇ ಮಾಡಿಕೊಳ್ಳುವುದು ಮನುಷ್ಯನ ಸಹಜ ಸ್ಥಿತಿ. ಅದು ಆಗದಿದ್ದಾಗ ದಾದಿ ಬೇಕು. ಆರಂಭದಲ್ಲಿ ಎಲ್ಲವನ್ನೂ ದಾದಿಯೇ ಮಾಡುತ್ತಾರೆ. ನಂತರ ಇಬ್ಬರೂ ಸೇರಿ ಮಾಡುತ್ತಾರೆ. ಕೊನೆಗೆ ರೋಗಿ ಮಾಡುತ್ತಾಳೆ, ದಾದಿ ಕಲಿಸುತ್ತಾ ಬೆಂಬಲವಾಗಿ ನಿಲ್ಲುತ್ತಾರೆ. ಮೊದಲ ಹಂತದಲ್ಲೇ ರೋಗಿಯನ್ನು ಒಂಟಿಯಾಗಿ ಬಿಟ್ಟರೆ ಅದು ನಿರ್ಲಕ್ಷ್ಯ. ಕೊನೆಯ ಹಂತದಲ್ಲೂ ಎಲ್ಲವನ್ನೂ ನಾವೇ ಮಾಡಿಕೊಟ್ಟರೆ ಅದೂ ಒಂದು ಬಗೆಯ ನಿರ್ಲಕ್ಷ್ಯವೇ.

ದೇಹದ ಜೊತೆ ಮನಸ್ಸನ್ನೂ ನೋಡಬೇಕೆಂಬುದನ್ನು ವೈದ್ಯಲೋಕ ಎರಡನೆಯ ಮಹಾಯುದ್ಧದ ಕಾಲದಲ್ಲಿ ಚೆನ್ನಾಗಿ ಕಲಿಯಿತು. 1942ರ ನವೆಂಬರ್ 28ರಂದು ಅಮೆರಿಕದ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ರಾತ್ರಿ ಕ್ಲಬ್ಬಿನಲ್ಲಿ ಬೆಂಕಿ ಬಿದ್ದು 492 ಜನ ಸತ್ತರು. ಬದುಕುಳಿದವರನ್ನೂ ಸತ್ತವರ ಬಂಧುಗಳನ್ನೂ ಕಂಡ ಎರಿಕ್ ಲಿಂಡೆಮನ್ ಎಂಬ ಮನೋವೈದ್ಯರು 1944ರಲ್ಲಿ ದುಃಖದ ಲಕ್ಷಣಗಳ ಬಗ್ಗೆ ಬರೆದ ಪ್ರಬಂಧ ಇಂದಿಗೂ ಪಾಠವಾಗಿದೆ.

ಇನ್ನೊಂದು ಕಥೆ ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಎಂಬ ಸಣ್ಣ ಪಟ್ಟಣದ್ದು. ಯುದ್ಧ ವಿಮಾನಗಳ ಇಂಧನಕ್ಕೆ ಬೆಂಕಿ ಹತ್ತಿ ಮುಖ, ಕೈ ಸುಟ್ಟುಕೊಂಡ ತರುಣರನ್ನು ಅಲ್ಲಿನ ಕ್ವೀನ್ ವಿಕ್ಟೋರಿಯಾ ಆಸ್ಪತ್ರೆಗೆ ತರುತ್ತಿದ್ದರು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಶಸ್ತ್ರವೈದ್ಯ ಆರ್ಚಿಬಾಲ್ಡ್ ಮೆಕಿಂಡೋ ಅವರು ಶಸ್ತ್ರಚಿಕಿತ್ಸೆಯಲ್ಲಿ ಎಷ್ಟು ನಿಪುಣರೋ ಮನುಷ್ಯರನ್ನು ಅರಿಯುವುದರಲ್ಲೂ ಅಷ್ಟೇ ನಿಪುಣರು. ರೋಗಿಗಳಿಗೆಂದು ಇದ್ದ ನೀಲಿ ದಿರಿಸನ್ನು ತೊಡಿಸದೆ ಅವರವರ ಸಮವಸ್ತ್ರವನ್ನೇ ಧರಿಸಲು ಬಿಟ್ಟರು. ಊರಿನ ಜನರನ್ನು ಕಂಡು, ಈ ಹುಡುಗರನ್ನು ಮನೆಗೆ ಕರೆಯಿರಿ, ದಿಟ್ಟಿಸಿ ನೋಡಬೇಡಿ, ಮುಖವನ್ನೂ ತಿರುಗಿಸಬೇಡಿ ಎಂದು ಕೇಳಿಕೊಂಡರು. ಜನ ಹಾಗೆಯೇ ನಡೆದುಕೊಂಡರು. ಮುಂದೆ ಅದಕ್ಕೆ 'ದಿಟ್ಟಿಸಿ ನೋಡದ ಊರು' ಎಂದೇ ಹೆಸರಾಯಿತು.

ಆ ರೋಗಿಗಳು 1941ರಲ್ಲಿ ತಮ್ಮದೇ ಒಂದು ಸಂಘ ಕಟ್ಟಿಕೊಂಡು ಅದಕ್ಕೆ 'ಗಿನಿಪಿಗ್ ಕ್ಲಬ್' ಎಂದು ಹೆಸರಿಟ್ಟರು. ಪ್ರಯೋಗದ ಪ್ರಾಣಿಗಳು ನಾವು ಎಂಬ ತಮಾಷೆ! ಕಾಲು ಸುಟ್ಟವನನ್ನು ಖಜಾಂಚಿ ಮಾಡಿದರಂತೆ, ಹಣ ತೆಗೆದುಕೊಂಡು ಓಡಿಹೋಗಲಾರ ಎಂದು. ಕೈಬೆರಳು ಸುಟ್ಟವನನ್ನು ಕಾರ್ಯದರ್ಶಿ ಮಾಡಿದರಂತೆ, ಉದ್ದುದ್ದ ನಡಾವಳಿ ಬರೆಯಲಾರ ಎಂದು. ಯುದ್ಧ ಮುಗಿಯುವ ಹೊತ್ತಿಗೆ ಸಂಘದಲ್ಲಿ 649 ಸದಸ್ಯರಿದ್ದರು. ತಮ್ಮ ಗಾಯವನ್ನು ಕುರಿತು ತಾವೇ ನಗಬಲ್ಲವರಾದಾಗ ಅವರು ಅರ್ಧ ಗುಣವಾಗಿದ್ದರು. ಉಳಿದರ್ಧವನ್ನು ಪೂರೈಸಿದ್ದು ಆ ಊರಿನ ಜನರ ಕಣ್ಣುಗಳು.

ನಮ್ಮ ಹುಡುಗಿ ಈಗ ಮನೆಗೆ ಹೋಗಿದ್ದಾಳೆ. ಬಿಗಿ ಉಡುಪು ತೊಟ್ಟಿದ್ದಾಳೆ. ಏಪ್ರಿಲ್ ತಿಂಗಳ ಸೆಕೆ, ಒಳಗೆ ಬೆವರು, ತಡೆಯಲಾರದ ತುರಿಕೆ. ನಾಲ್ಕು ದಿನ ತೆಗೆದಿಟ್ಟುಬಿಟ್ಟಳು. ನಾಲ್ಕು ದಿನ ಹತ್ತು ದಿನವಾಯಿತು. ವ್ಯಾಯಾಮವೂ ನಿಂತಿತು. ತಪಾಸಣೆಗೆ ಬಂದಾಗ ಕಿರುಬೆರಳು ಬಿಗಿದುಕೊಂಡಿದೆ. ಇದು ಆಗಬಾರದ ಸಂಗತಿ, ಆದರೆ ಆಗುವ ಸಂಗತಿ. ಇಲ್ಲಿ ದಾದಿ ಗದರಿದರೆ ಹುಡುಗಿ ಮುಂದಿನ ಸಲ ಬರುವುದೇ ಇಲ್ಲ. "ಯಾವ ಹೊತ್ತಿನಲ್ಲಿ ತುಂಬಾ ಕಷ್ಟವಾಯಿತು?" ಎಂದು ಕೇಳಿದರೆ ಉತ್ತರ ಸಿಗುತ್ತದೆ: ಮಧ್ಯಾಹ್ನ, ಶಾಲೆಯಿಂದ ಬಂದ ಮೇಲೆ. ಹಾಗಾದರೆ ತೆಗೆಯಲು ಅವಕಾಶವಿರುವ ಒಂದು ಗಂಟೆಯನ್ನು ಮಧ್ಯಾಹ್ನಕ್ಕೇ ಇಟ್ಟುಕೊಳ್ಳೋಣ, ಆಗಲೇ ತೊಳೆದು ಎಣ್ಣೆ ಸವರೋಣ. ಎರಡು ಜೊತೆ ಇಟ್ಟುಕೊಂಡು ಒಂದನ್ನು ಒಗೆದು ನೆರಳಲ್ಲಿ ಒಣಗಿಸೋಣ. ತುರಿಕೆಗೆ ವೈದ್ಯರಿಂದ ಔಷಧಿ ಬರೆಸೋಣ. ಜಾರಿದ ಮೆಟ್ಟಿಲನ್ನು ಹೀಗೆ ಮತ್ತೆ ಹತ್ತಬಹುದು. ಆದರೆ ಕಿರುಬೆರಳು ಪೂರ್ತಿ ಬಿಚ್ಚಿಕೊಳ್ಳುತ್ತದೆ ಎಂಬ ಭರವಸೆ ಇಲ್ಲ. ಬಹುಶಃ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾದೀತು. ಹತ್ತು ದಿನದ ಬೆಲೆ ಅದು. ಅದನ್ನೂ ಮುಚ್ಚಿಡದೆ ಅವಳಿಗೆ ಹೇಳಬೇಕು.

ಎಲ್ಲವನ್ನೂ ಅಭ್ಯಾಸದಿಂದಲೇ ಸರಿಪಡಿಸಬಹುದು ಎಂದು ನೀವು ಭಾವಿಸಬಾರದು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬೆಂಕಿಯ ಕನಸು ಮತ್ತೆ ಮತ್ತೆ ಬಿದ್ದು ಬೆಚ್ಚಿ ಏಳುತ್ತಿದ್ದರೆ, ಬದುಕೇ ಬೇಡವೆನ್ನಿಸಿದರೆ ಮನೋವೈದ್ಯರ ಸಹಾಯ ಬೇಕೇ ಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ಇನ್ನೊಂದು ಕಹಿ ಸತ್ಯವೂ ಇದೆ. ನಮ್ಮಲ್ಲಿ ಸುಟ್ಟಗಾಯಗಳೆಲ್ಲವೂ ಆಕಸ್ಮಿಕವಲ್ಲ. ಗಂಡನ ಮನೆಯವರು ಸುತ್ತ ನಿಂತಿರುವಾಗ 'ಸ್ಟೌವ್ ಸಿಡಿಯಿತು' ಎಂದಷ್ಟೇ ಹೇಳುವ ಹೆಣ್ಣುಮಗಳನ್ನು ದಾದಿ ಒಂಟಿಯಾಗಿ, ಮೆಲ್ಲಗೆ ಮಾತನಾಡಿಸಬೇಕು. ಮನೆಯಲ್ಲಿ ಭಯವಿರುವವಳ ಕೈಗೆ ವ್ಯಾಯಾಮದ ಪಟ್ಟಿ ಕೊಟ್ಟು ಕಳುಹಿಸಿದರೆ ಸಾಲದು. ಅವಳಿಗೆ ಮೊದಲು ಬೇಕಾದದ್ದು ರಕ್ಷಣೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181.

ಕೊನೆಯದಾಗಿ, ವಿದ್ಯಾರ್ಥಿಗಳಾದ ನಿಮ್ಮ ಪಾಲಿನ ಕೆಲಸ. ಈ ಹುಡುಗಿ ಒಂದು ದಿನ ನಿಮ್ಮ ತರಗತಿಗೆ ಮರಳಿ ಬರುತ್ತಾಳೆ. ಆಸ್ಪತ್ರೆಯಲ್ಲಿ ಅವಳು ಕನ್ನಡಿ ನೋಡಿಕೊಳ್ಳಲು ಕಲಿತಿದ್ದಾಳೆ. ಮೊದಲು ಕೈಯನ್ನು, ನಂತರ ಕತ್ತನ್ನು, ಆಮೇಲೆ ದಾದಿಯ ಜೊತೆಯಲ್ಲಿ ಇಡೀ ಮುಖವನ್ನು. 'ಏನಾಯಿತು?' ಎಂದು ಯಾರಾದರೂ ಕೇಳಿದರೆ ಹೇಳಬೇಕಾದ ಉತ್ತರವನ್ನೂ ಅಭ್ಯಾಸ ಮಾಡಿಕೊಂಡಿದ್ದಾಳೆ: "ಬೆಂಕಿ ತಗುಲಿತ್ತು. ಈಗ ವಾಸಿಯಾಗುತ್ತಿದೆ. ನಿನ್ನೆ ಗಣಿತದಲ್ಲಿ ಯಾವ ಪಾಠ ಆಯಿತು?" ಹದಿನೆಂಟನೆಯ ವಯಸ್ಸಿನಲ್ಲಿ ಕಾರಿನ ಬೆಂಕಿಯಲ್ಲಿ ಮುಖ ಸುಟ್ಟುಕೊಂಡ ಬ್ರಿಟನ್ನಿನ ಜೇಮ್ಸ್ ಪಾರ್ಟ್ರಿಜ್ ಅವರು ಮುಂದೆ 1992ರಲ್ಲಿ ಇಂಥವರಿಗಾಗಿಯೇ 'ಚೇಂಜಿಂಗ್ ಫೇಸಸ್' ಎಂಬ ಸಂಸ್ಥೆ ಸ್ಥಾಪಿಸಿದರು. ಎದುರಿನವರ ತಬ್ಬಿಬ್ಬನ್ನು ತಾನೇ ಮೊದಲು ಮಾತನಾಡಿ ಹೋಗಲಾಡಿಸುವ ಈ ಕಲೆಯನ್ನು ಅವರು ಬಹಳ ಜನರಿಗೆ ಕಲಿಸಿದರು. ಅವಳು ತನ್ನ ಪಾಲಿನ ಅಭ್ಯಾಸ ಮಾಡಿಕೊಂಡು ಬಂದಿರುತ್ತಾಳೆ. ನೀವು ಮಾಡಬೇಕಾದದ್ದು ಇಷ್ಟೇ: ಗಣಿತದಲ್ಲಿ ಯಾವ ಪಾಠ ಆಯಿತೆಂದು ಹೇಳಿ, ನಿಮ್ಮ ನೋಟ್ಸ್ ಕೊಡಿ, ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿ. 'ಅಯ್ಯೋ ಪಾಪ' ಎನ್ನಬೇಡಿ. ಅವಳಿಂದಾಗುವ ಕೆಲಸವನ್ನು ಅವಳಿಗೇ ಬಿಡಿ.

ಬೆಂಕಿ ತಗುಲಿದ ಕ್ಷಣದಲ್ಲಿ ಏನು ಮಾಡಬೇಕೆಂಬುದನ್ನೂ ನೆನಪಿಡಿ. ಉಡುಪಿಗೆ ಬೆಂಕಿ ಹತ್ತಿದರೆ ಓಡಬಾರದು. ನಿಂತು, ನೆಲಕ್ಕೆ ಮಲಗಿ, ಉರುಳಬೇಕು. ಸುಟ್ಟ ಜಾಗದ ಮೇಲೆ 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಐಸ್, ಟೂತ್‌ಪೇಸ್ಟ್, ಇಂಕು, ಅರಿಸಿನ, ತುಪ್ಪ ಯಾವುದನ್ನೂ ಹಚ್ಚಬಾರದು. ಬಳೆ, ಉಂಗುರಗಳನ್ನು ಊತ ಬರುವ ಮೊದಲೇ ತೆಗೆಯಬೇಕು. ಶುಭ್ರವಾದ ಬಟ್ಟೆ ಹೊದಿಸಿ ಆಸ್ಪತ್ರೆಗೆ ಒಯ್ಯಬೇಕು.

ಅಲ್ಲಿಂದ ಮುಂದೆ ವೈದ್ಯರಿದ್ದಾರೆ, ದಾದಿಯರಿದ್ದಾರೆ, ತಾಯಿ ಇದ್ದಾರೆ. ಒಂದು ಬೆಳಿಗ್ಗೆ ಆ ಹುಡುಗಿ ತನ್ನ ಜಡೆಯನ್ನು ತಾನೇ ಹಾಕಿಕೊಳ್ಳುತ್ತಾಳೆ. ಕಿರುಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ, ಜಡೆ ಸ್ವಲ್ಪ ಓರೆಯಾಗಿದೆ. ಆದರೆ ಅದು ಅವಳದೇ ಕೈಯ ಕೆಲಸ. ಆ ಜಡೆ ಹಾಕಿಕೊಂಡು ಅವಳು ಬರುವುದು ನಿಮ್ಮ ಶಾಲೆಗೆ.